ಮನೆಯ ನಕ್ಷೆಯೂ ನೆರೆಯ ನಂಟೂ

ಗೆಳೆತನವು ಕೇವಲ ಮನಸ್ಸಿಗೆ ಸಂಬಂಧಪಟ್ಟುದು, ಇಟ್ಟಿಗೆ ಗಾರೆಗಳಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ಸಾಮಾನ್ಯವಾದ ಭಾವನೆ. ನೆರೆಯವರೊಡನೆ ಬಳಕೆ ಕಡಮೆಯಾದರೆ ನಾವು ಜನರ ಸ್ವಭಾವವನ್ನು ದೂಷಿಸುತ್ತೇವೆ. ಕಾಲ ಕೆಟ್ಟಿತೆಂದು ನಿಟ್ಟುಸಿರಿಡುತ್ತೇವೆ. ಆದರೆ ಕಾಲವನ್ನು ದೂರುವುದಕ್ಕೆ ಮೊದಲು ಕಟ್ಟಡದ ನಕ್ಷೆಯನ್ನೊಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಮೆಟ್ಟಿಲು ಎಲ್ಲಿದೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ನೀರಿನ ನಲ್ಲಿ ಯಾವ ಮೂಲೆಯಲ್ಲಿದೆ ಎಂಬ ಸಣ್ಣ ಸಂಗತಿಗಳು ನಮ್ಮ ಗೆಳೆಯರನ್ನು ನಮಗೆ ಅರಿವಿಲ್ಲದಂತೆಯೇ ಆರಿಸಿಕೊಡುತ್ತವೆ. ಇದು ಉತ್ಪ್ರೇಕ್ಷೆಯಲ್ಲ, ಅಳೆದು ನೋಡಿದ ಸಂಗತಿ.

ಎರಡನೆಯ ಮಹಾಯುದ್ಧವು ಮುಗಿದ ಬಳಿಕ, ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯು ಯುದ್ಧರಂಗದಿಂದ ಹಿಂತಿರುಗಿ ವ್ಯಾಸಂಗಕ್ಕೆ ಸೇರಿದ ವಿವಾಹಿತ ವಿದ್ಯಾರ್ಥಿಗಳಿಗಾಗಿ ವೆಸ್ಟ್‌ಗೇಟ್, ವೆಸ್ಟ್‌ಗೇಟ್ ವೆಸ್ಟ್ ಎಂಬ ಎರಡು ವಸತಿಗಳನ್ನು ಏರ್ಪಡಿಸಿತು. ಎರಡನೆಯದರಲ್ಲಿ ಎರಡೆರಡು ಅಂತಸ್ತಿನ 17 ಕಟ್ಟಡಗಳಿದ್ದುವು. ಒಂದೊಂದು ಅಂತಸ್ತಿನಲ್ಲಿಯೂ ಸಾಲಾಗಿ ಐದು ಮನೆಗಳು. ಯಾರಿಗೆ ಯಾವ ಮನೆ ಎಂಬುದು ಬಾಡಿಗೆದಾರರ ಇಚ್ಛೆಗೆ ಸೇರಿದ್ದಲ್ಲ. ಯಾವುದು ತೆರವಾಯಿತೋ ಅದು ಸರದಿಯಂತೆ ಅವರ ಪಾಲಿಗೆ ಬರುತ್ತಿತ್ತು. ವಿಜ್ಞಾನದ ದೃಷ್ಟಿಯಿಂದ ಇದು ಬಹು ಮುಖ್ಯವಾದ ಅಂಶ. ಗೆಳೆಯರೇ ಕೂಡಿ ಅಕ್ಕಪಕ್ಕದ ಮನೆಗಳನ್ನು ಹಿಡಿದಿದ್ದರೆ, ಸಾಮೀಪ್ಯದಿಂದ ಗೆಳೆತನವೋ ಗೆಳೆತನದಿಂದ ಸಾಮೀಪ್ಯವೋ ಎಂದು ನಿರ್ಣಯಿಸುವುದು ಕಷ್ಟವಾಗುತ್ತಿತ್ತು. ಇಲ್ಲಿ ಆ ತೊಡಕು ಇರಲಿಲ್ಲ.

ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಷಾಕ್ಟರ್, ಕರ್ಟ್ ಬ್ಯಾಕ್ ಎಂಬ ಮೂವರು ಮನೋವಿಜ್ಞಾನಿಗಳು ಅಲ್ಲಿನ ನಿವಾಸಿಗಳನ್ನು, ಅವರು ಹೆಚ್ಚಾಗಿ ಬೆರೆಯುವ ಮೂವರು ಯಾರೆಂದು ಕೇಳಿ, ತಮ್ಮ ಪರಿಶೀಲನೆಯ ಫಲವನ್ನು 1950ರಲ್ಲಿ ಪ್ರಕಟಿಸಿದರು. ಹೆಸರಿಸಲ್ಪಟ್ಟ ಗೆಳೆಯರಲ್ಲಿ ಶೇಕಡ 65 ಮಂದಿ ಅದೇ ಕಟ್ಟಡದವರಾಗಿದ್ದರು. ಒಂದೇ ಅಂತಸ್ತಿನಲ್ಲಿ ಪಕ್ಕದ ಮನೆಯವರನ್ನು ಗೆಳೆಯರೆಂದವರು ಶೇಕಡ 41. ನಡುವೆ ಒಂದು ಮನೆ ಬಂದರೆ ಅದು 22ಕ್ಕೆ ಇಳಿಯಿತು. ಸಾಲಿನ ಎರಡು ತುದಿಗಳಲ್ಲಿದ್ದವರ ಪಾಲಿಗೆ ಕೇವಲ 10. ಪಕ್ಕದ ಬಾಗಿಲಿಗೆ ದೂರ ಸುಮಾರು 19 ಅಡಿ. ಸಾಲಿನ ಈ ತುದಿಯಿಂದ ಆ ತುದಿಗೆ 90 ಅಡಿಗಿಂತಲೂ ಕಡಮೆ. ಇಷ್ಟು ಅಲ್ಪ ದೂರವು ಗೆಳೆತನವನ್ನು ನಾಲ್ಕನೆಯ ಒಂದು ಪಾಲಿಗೆ ಇಳಿಸಿತೆಂದರೆ ಯಾರಿಗೆ ತಾನೆ ಆಶ್ಚರ್ಯವಾಗದು?

ಇದಕ್ಕಿಂತಲೂ ಸ್ವಾರಸ್ಯವಾದುದು ಇನ್ನೊಂದುಂಟು. ಕೆಳಗಿನ ಅಂತಸ್ತಿನ ಎಲ್ಲ ಮನೆಗಳಿಗೂ ಮೇಲಿನವರೊಡನೆ ಸಮನಾದ ಗೆಳೆತನ ಇರಲಿಲ್ಲ. ಮೆಟ್ಟಿಲ ಬುಡದಲ್ಲಿ, ಅಂಚೆಪೆಟ್ಟಿಗೆಗಳ ಸಮೀಪದಲ್ಲಿ ಇದ್ದ ಮನೆಯವರಿಗೆ ಮೇಲಂತಸ್ತಿನ ಗೆಳೆಯರು ಹೆಚ್ಚು. ಅವರು ಉಳಿದವರಿಗಿಂತ ಸ್ನೇಹಪರರೇನಲ್ಲ. ಮೇಲಿನವರು ದಿನವೂ ಅವರ ಬಾಗಿಲ ಮುಂದೆ ಹಾದುಹೋಗಬೇಕಾಗಿತ್ತು, ಅಷ್ಟೆ. ಬಿಡಿಮನೆಗಳ ವಸತಿಯಾದ ವೆಸ್ಟ್‌ಗೇಟಿನಲ್ಲಿ ಮನೆಗಳನ್ನು ಒಂದು ಅಂಗಳದ ಸುತ್ತ ಜೋಡಿಸಲಾಗಿತ್ತು. ಕೊನೆಯ ಕೆಲವು ಮನೆಗಳು ಮಾತ್ರ ಅಂಗಳಕ್ಕೆ ಬೆನ್ನುಮಾಡಿ ಬೀದಿಯ ಕಡೆಗೆ ತಿರುಗಿದ್ದುವು. ಅವುಗಳಲ್ಲಿ ವಾಸಿಸಿದವರಿಗೆ ಆ ವಸತಿಯಲ್ಲಿ ದೊರೆತ ಗೆಳೆಯರು ಉಳಿದವರಿಗೆ ದೊರೆತವರ ಅರ್ಧಕ್ಕಿಂತಲೂ ಕಡಮೆ. ಆದುದರಿಂದ ದೂರವೆಂಬುದು ಎರಡು ವಿಧ: ಅಡಿಗೋಲಿನಿಂದ ಅಳೆಯುವ ದೂರ ಒಂದು, ನಿತ್ಯದ ಓಡಾಟವು ನಿರ್ಣಯಿಸುವ ಬಳಕೆಯ ದೂರ ಇನ್ನೊಂದು. ಗೆಳೆತನಕ್ಕೆ ಎರಡನೆಯದು ಬಹಳ ಮುಖ್ಯ.

ಅನಿಲಗಳ ಅಣುಚಲನವಾದವನ್ನು ತರಗತಿಯಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಎರಡು ಅನಿಲಗಳು ಸಂಯೋಗ ಹೊಂದಬೇಕಾದರೆ ಅವುಗಳ ಅಣುಗಳು ಮೊದಲು ಒಂದನ್ನೊಂದು ಸಂಘಟ್ಟಿಸಬೇಕು. ಪ್ರತಿಯೊಂದು ಸಂಘಟ್ಟನೆಯೂ ಸಂಯೋಗವಾಗುವುದಿಲ್ಲ; ಬಹುಪಾಲು ವ್ಯರ್ಥವೇ. ಆದರೆ ಸಂಘಟ್ಟನೆಯಿಲ್ಲದೆ ಸಂಯೋಗವೇ ಇಲ್ಲ. ನೆರೆಹೊರೆಯಲ್ಲಿಯೂ ಹಾಗೆಯೇ. ಮೊದಲನೆಯ ದಿನ ಕಣ್ಣು ಕೂಡುತ್ತದೆ, ಹತ್ತನೆಯ ದಿನ ತಲೆದೂಗುತ್ತೇವೆ, ಇಪ್ಪತ್ತನೆಯ ದಿನ "ಊಟವಾಯಿತೆ?" ಎನ್ನುತ್ತೇವೆ, ಎಂದೋ ಒಂದು ದಿನ ಬೀಗದ ಕೈಯನ್ನು ಅವರಲ್ಲಿ ಬಿಟ್ಟು ಊರಿಗೆ ಹೋಗುತ್ತೇವೆ. ಮನುಷ್ಯರು ಅಣುಗಳಲ್ಲ, ನಿಜ. ಆದರೂ ಭೇಟಿಯ ಅವಕಾಶವನ್ನು ಲೆಕ್ಕಹಾಕಲು ಈ ಹೋಲಿಕೆ ಸಾಕು.

ಲೆಕ್ಕವು ಸುಲಭ. ನಾವು ಎಚ್ಚರವಾಗಿರುವ 16 ಗಂಟೆಗಳಲ್ಲಿ 960 ನಿಮಿಷಗಳಿವೆ. ಇಬ್ಬರು ನೆರೆಯವರು ದಿನಕ್ಕೊಮ್ಮೆ, ತಮಗೆ ತೋಚಿದ ವೇಳೆಯಲ್ಲಿ, ಒಂದು ಸಮಾನ ಸ್ಥಳದಲ್ಲಿ ಒಂದೊಂದು ನಿಮಿಷ ನಿಲ್ಲುವರೆಂದು ಭಾವಿಸೋಣ. ಆ ಎರಡು ನಿಮಿಷಗಳು ಒಂದನ್ನೊಂದು ಸ್ಪರ್ಶಿಸುವ ಸಂಭವ ಸುಮಾರು 480ರಲ್ಲಿ ಒಂದು. ಅಂದರೆ ಹದಿನಾರು ತಿಂಗಳಿಗೆ ಒಂದು ಭೇಟಿ. ಅವರು ಒಂದು ನಿಮಿಷದ ಬದಲು ಹದಿನೈದು ನಿಮಿಷ ಅಲ್ಲಿದ್ದರೆ ಸಂಭವವು 32ರಲ್ಲಿ ಒಂದಾಗುತ್ತದೆ, ತಿಂಗಳಿಗೊಂದು ಭೇಟಿ. ಆ ಹದಿನೈದು ನಿಮಿಷಗಳು ದಿನದ ಯಾವುದೋ ಹೊತ್ತಿನಲ್ಲಿ ಬಾರದೆ, ಬೆಳಗಿನ ಎರಡು ಗಂಟೆಗಳ ಒಳಗೇ ಬರುವಂತಿದ್ದರೆ ನಾಲ್ಕು ದಿನಕ್ಕೊಮ್ಮೆ ಭೇಟಿಯಾಗುತ್ತದೆ. ನಿಜ ಜೀವನದಲ್ಲಿ ಜನರು ದಿನಕ್ಕೆ ಹಲವು ಸಲ ಓಡಾಡುತ್ತಾರೆ. ಆದುದರಿಂದ ಸಂಖ್ಯೆಗಳು ಬದಲಾಗುತ್ತವೆ. ತತ್ತ್ವವು ಬದಲಾಗುವುದಿಲ್ಲ. ಸ್ಥಳದ ವಿಸ್ತಾರಕ್ಕಿಂತ ಅಲ್ಲಿ ನಿಲ್ಲುವ ಹೊತ್ತು ಮುಖ್ಯ. ಎಲ್ಲರನ್ನೂ ಒಂದೇ ಹೊತ್ತಿಗೆ ಅಲ್ಲಿಗೆ ಕರೆತರುವ ಕಾರಣವು ಇನ್ನೂ ಮುಖ್ಯ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೆಲ್ ಅವರು 1971ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದೇ ಮಾತನ್ನು ಒತ್ತಿ ಹೇಳಿದ್ದಾರೆ: ಬೀದಿಯ ಜೀವಂತಿಕೆಯು ಅಲ್ಲಿಗೆ ಬರುವವರ ಸಂಖ್ಯೆಯನ್ನು ಮಾತ್ರವಲ್ಲ, ಅವರು ಅಲ್ಲಿ ಕಳೆಯುವ ಹೊತ್ತನ್ನೂ ಅವಲಂಬಿಸಿದೆ.

ಈ ದೃಷ್ಟಿಯಿಂದ ನಮ್ಮ ನಾಡಿನ ಹಳೆಯ ಮನೆಗಳನ್ನು ನೋಡಿದರೆ ಅವುಗಳ ಜಾಣ್ಮೆ ತಿಳಿಯುತ್ತದೆ. ಬೀದಿಗೂ ಬಾಗಿಲಿಗೂ ನಡುವಣ ಜಗಲಿಯು ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಅಲ್ಲಿ ಕುಳಿತವನನ್ನು ಮಾತನಾಡಿಸಲು ಆಹ್ವಾನ ಬೇಡ. ಮಾತು ಸಾಕೆನಿಸಿದರೆ ಒಳಗೆ ಹೋಗಲು ಅಪ್ಪಣೆಯೂ ಬೇಡ. ಅದು ಮೊಣಕಾಲೆತ್ತರವಿರುವುದರಿಂದ ಕುಳಿತವನ ಕಣ್ಣೂ ನಡೆದುಹೋಗುವವನ ಕಣ್ಣೂ ಬಹುಮಟ್ಟಿಗೆ ಸಮನಾಗುತ್ತವೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ತಿಂಗಳ ಕೊನೆಯಲ್ಲಿಯೂ ಆಗಸ್ಟ್ ನಡುವಿನಲ್ಲಿಯೂ ನಡುಹಗಲ ಸೂರ್ಯನು ಅಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಅಂತಹ ಬಿಸಿಲಿನಲ್ಲಿ ಮುಂಚಾಚಿದ ಸೂರೊಂದಿದ್ದರೆ ಜಗಲಿಯೆಲ್ಲ ನೆರಳು. ನೆರಳಿದ್ದಲ್ಲಿ ಜನ ನಿಲ್ಲುತ್ತಾರೆ. ಜನ ನಿಂತಲ್ಲಿ ಮಾತು ಹುಟ್ಟುತ್ತದೆ.

ಬೆಂಗಳೂರು ಮೈಸೂರುಗಳ ವಠಾರಗಳನ್ನು ಬಲ್ಲ ವಾಚಕರಿಗೆ ಇನ್ನೊಂದು ಉದಾಹರಣೆಯನ್ನು ಹೇಳಬೇಕಾಗಿಲ್ಲ. ನಡುವೆ ಕಿರಿದಾದ ಅಂಗಳ, ಎರಡು ಕಡೆಗೂ ಒಂದೆರಡು ಕೋಣೆಗಳ ಮನೆಗಳು, ಎಲ್ಲರಿಗೂ ಒಂದೇ ಹೊರಬಾಗಿಲು, ಒಂದೇ ಬಾವಿ ಅಥವಾ ಒಂದೇ ನಲ್ಲಿ. ನೀರು ಬರುವ ಹೊತ್ತು ಎಲ್ಲರಿಗೂ ಒಂದೇ. ಬಿಂದಿಗೆ ತುಂಬುವವರೆಗೆ ನಿಲ್ಲಲೇಬೇಕು. ನಮ್ಮ ಲೆಕ್ಕದ ಮೂರನೆಯ ಉದಾಹರಣೆಯೇ ಇದು. ಅಲ್ಲಿ ಜಗಳಗಳೂ ಆಗುತ್ತಿದ್ದುವು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಒಂದು ಮನೆಯ ಬಾಗಿಲು ಹೊತ್ತೇರಿದರೂ ತೆರೆಯದಿದ್ದರೆ ಅದನ್ನು ಗಮನಿಸದೆ ಇರುವುದು ಆ ವಠಾರದಲ್ಲಿ ಅಸಾಧ್ಯವಾಗಿತ್ತು.

ಹಾಗೆಂದು ಹಳೆಯದೆಲ್ಲವನ್ನೂ ಹೊಗಳುವುದು ನಮ್ಮ ಉದ್ದೇಶವಲ್ಲ. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕು, ಯಾರು ಬೀದಿಗೇ ಬರಬಾರದು ಎಂಬುದನ್ನು ಜಾತಿಯು ನಿರ್ಣಯಿಸುತ್ತಿತ್ತು. ಅನೇಕ ವಠಾರಗಳಲ್ಲಿ ಮನೆ ಖಾಲಿಯಿದ್ದರೂ ಕುಲವನ್ನು ಕೇಳಿದ ಮೇಲೆಯೇ ಬಾಡಿಗೆಯ ಮಾತು. ಗಂಡಸರಿಗೆ ಜಗಲಿಯಾದರೆ ಹೆಂಗಸರಿಗೆ ಹಿತ್ತಿಲು. ಪಟ್ಟಣದ ಬಹುಮಹಡಿ ಮನೆಯು ಈ ಕಟ್ಟುಗಳಲ್ಲಿ ಕೆಲವನ್ನು ಸಡಿಲಿಸಿದೆ. ಅದಕ್ಕಾಗಿ ನಾವು ಕೃತಜ್ಞರಾಗಿರಬೇಕು. ಆದರೆ ಇಂದಿಗೂ ಕೆಲವು ಕಡೆ ಮನೆಗೆಲಸದವರಿಗೆಂದು ಬೇರೆ ಲಿಫ್ಟನ್ನು ಗೊತ್ತುಮಾಡಿರುವುದನ್ನು ಕಂಡರೆ ಹಳೆಯ ಅಂಗಳವೇ ಹೊಸ ಯಂತ್ರದ ರೂಪದಲ್ಲಿ ಹಿಂತಿರುಗಿತೆಂದು ಅನ್ನಿಸುತ್ತದೆ. ಕಟ್ಟಡವು ಕೂಡಿಸಬಲ್ಲುದು, ಬೇರ್ಪಡಿಸಲೂ ಬಲ್ಲುದು.

ಈಗ ನಮ್ಮ ಪಟ್ಟಣಗಳಲ್ಲಿ ಏಳುತ್ತಿರುವ ಎತ್ತರದ ವಸತಿಗಳನ್ನು ನೋಡೋಣ. ನಿವಾಸಿಯು ನೆಲಮಾಳಿಗೆಯಲ್ಲಿ ಕಾರಿನಿಂದಿಳಿಯುತ್ತಾನೆ, ಲಿಫ್ಟನ್ನು ಹೊಗುತ್ತಾನೆ, ಹದಿನೈದನೆಯ ಮಹಡಿಯಲ್ಲಿ ಹೊರಬಿದ್ದು, ಕಿಟಕಿಯಿಲ್ಲದ ಓಣಿಯಲ್ಲಿ ಹತ್ತು ಹೆಜ್ಜೆ ನಡೆದು, ಬಾಗಿಲು ಮುಚ್ಚಿಕೊಳ್ಳುತ್ತಾನೆ. ನೀರು ಕೊಳವೆಯಲ್ಲಿ ಬರುತ್ತದೆ, ದಿನಸಿ ಬಾಗಿಲಿಗೇ ಬರುತ್ತದೆ. ಇವೆಲ್ಲ ಸೌಕರ್ಯಗಳೇ. ಆದರೆ ಒಂದೊಂದು ಸೌಕರ್ಯವೂ ಭೇಟಿಯ ಒಂದೊಂದು ಕಾರಣವನ್ನು ಕಳೆಯುತ್ತದೆ. ಉಳಿಯುವುದು ಲಿಫ್ಟಿನ ಒಂದು ನಿಮಿಷ ಮಾತ್ರ; ಅಲ್ಲಿಯೂ ಎಲ್ಲರ ದೃಷ್ಟಿ ಬದಲಾಗುವ ಅಂಕಿಯ ಮೇಲೆ.

ಎತ್ತರವು ಕಣ್ಣು ಕಿವಿಗಳನ್ನೂ ಸೋಲಿಸುತ್ತದೆ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ಕೋನಕ್ಕಿಂತ ಸೂಕ್ಷ್ಮವಾದ ವಿವರವನ್ನು ಸಾಮಾನ್ಯವಾದ ಕಣ್ಣು ಬೇರ್ಪಡಿಸಿ ಕಾಣಲಾರದು. ಎರಡನೆಯ ಮಹಡಿಯಿಂದ, ಅಂದರೆ ಸುಮಾರು 6 ಮೀಟರಿನಿಂದ, ಈ ಮಿತಿಯು ಎರಡು ಮಿಲಿಮೀಟರಿಗೂ ಕಡಮೆ. ಕೆಳಗೆ ನಿಂತವರ ಮುಗುಳ್ನಗೆ ಸ್ಪಷ್ಟವಾಗಿ ಕಾಣುತ್ತದೆ. ಇಪ್ಪತ್ತನೆಯ ಮಹಡಿಯಿಂದ, ಅಂದರೆ ಸುಮಾರು 60 ಮೀಟರಿನಿಂದ, ಅದು 17 ಮಿಲಿಮೀಟರು. ತುಟಿಗಳ ದಪ್ಪವೇ ಹೆಚ್ಚುಕಡಮೆ ಅಷ್ಟು, ನಗೆಯನ್ನು ಕಾಣುವುದೆಂತು? ಧ್ವನಿಯ ಕಥೆಯೂ ಅದೇ. ಒಂದು ಮೀಟರಿನಲ್ಲಿ 60 ಡೆಸಿಬಲ್ ಇರುವ ಸಾಧಾರಣ ಮಾತು, ಬಯಲಿನಲ್ಲಿ ದೂರವು ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕುಗ್ಗುತ್ತ, 64 ಮೀಟರಿನಲ್ಲಿ 24 ಡೆಸಿಬಲ್ ಆಗಿ ಬೀದಿಯ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಎರಡನೆಯ ಮಹಡಿಯ ತಾಯಿ ಅಂಗಳದಲ್ಲಿ ಆಡುವ ಮಗುವನ್ನು ಕೂಗಿ ಕರೆಯಬಹುದು; ಇಪ್ಪತ್ತನೆಯ ಮಹಡಿಯ ತಾಯಿಗೆ ದೂರವಾಣಿ ಬೇಕು.

ನೆರೆಯವರ ಬಳಕೆ ಇಲ್ಲದಿದ್ದರೇನು, ನಮ್ಮ ಪಾಡಿಗೆ ನಾವು ಸುಖವಾಗಿಲ್ಲವೆ ಎಂದು ಕೇಳುವವರುಂಟು. ಇದಕ್ಕೆ ಷಿಕಾಗೊ ನಗರವು ಕಠೋರವಾದ ಉತ್ತರವನ್ನು ಕೊಟ್ಟಿದೆ. 1995ರ ಜುಲೈ ತಿಂಗಳಲ್ಲಿ ಅಲ್ಲಿ ಭೀಕರವಾದ ಬಿಸಿಗಾಳಿ ಬೀಸಿತು. ಆ ಒಂದು ವಾರದಲ್ಲಿ ಸತ್ತವರು ವಾಡಿಕೆಗಿಂತ 739 ಮಂದಿ ಹೆಚ್ಚು. ಅನೇಕರು ಒಂಟಿಯಾಗಿದ್ದ ವೃದ್ಧರು. ಮುಚ್ಚಿದ ಬಾಗಿಲ ಹಿಂದೆ ಯಾರಿಗೂ ತಿಳಿಯದಂತೆ ತೀರಿಹೋದವರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎರಡು ನೆರೆಯ ಬಡಾವಣೆಗಳನ್ನು ಹೋಲಿಸಿದ್ದಾರೆ. ಎರಡರಲ್ಲಿಯೂ ಬಡವರು, ಒಂಟಿ ವೃದ್ಧರು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿದ್ದರು. ಆದರೂ ಉತ್ತರ ಲಾನ್‌ಡೇಲಿನಲ್ಲಿ ಲಕ್ಷಕ್ಕೆ ಸುಮಾರು 40 ಮಂದಿ ಸತ್ತರು. ದಕ್ಷಿಣ ಲಾನ್‌ಡೇಲಿನಲ್ಲಿ ಲಕ್ಷಕ್ಕೆ ಸುಮಾರು 4 ಮಂದಿ ಮಾತ್ರ. ಮೊದಲನೆಯದರಲ್ಲಿ ಪಾಳುಬಿದ್ದ ನಿವೇಶನಗಳು, ಮುಚ್ಚಿದ ಅಂಗಡಿಗಳು, ಹೊರಗೆ ಬರಲು ಅಂಜುವ ಜನ. ಎರಡನೆಯದರಲ್ಲಿ ಜನನಿಬಿಡವಾದ ಕಾಲುದಾರಿ, ಸಾಲಂಗಡಿಗಳು, ಮುದುಕರನ್ನು ದಿನವೂ ಹೊರಗೆಳೆಯುವ ಬೀದಿ. ನೆರೆಯ ಬಳಕೆಯೆಂಬುದು ಕೇವಲ ಹೊತ್ತುಕಳೆಯುವ ಮಾತುಕತೆಯಲ್ಲ. ಸಮಯ ಬಂದಾಗ ಅದು ಪ್ರಾಣವನ್ನೂ ಉಳಿಸುತ್ತದೆ. ಮಕ್ಕಳೆಲ್ಲ ಪರದೇಶದಲ್ಲಿದ್ದು ತಾವಿಬ್ಬರೇ ಇರುವ ವೃದ್ಧ ದಂಪತಿಗಳು ನಮ್ಮ ಪಟ್ಟಣಗಳಲ್ಲಿಯೂ ಈಗ ವಿರಳವಲ್ಲ. ಬಚ್ಚಲಲ್ಲಿ ಜಾರಿ ಬಿದ್ದವರ ಬಳಿಗೆ ಮೊದಲು ಬರಬೇಕಾದವನು ವಿಮಾನದಲ್ಲಿ ಬರುವ ಮಗನಲ್ಲ, ಎದುರು ಮನೆಯವನು. ಬಾಗಿಲಲ್ಲಿ ಹಾಲಿನ ಚೀಲ ಹಾಗೆಯೇ ಬಿದ್ದಿರುವುದನ್ನು ಅವನು ಗಮನಿಸಬೇಕಾದರೆ ಆ ಬಾಗಿಲು ಅವನ ದಾರಿಯಲ್ಲಿರಬೇಕು.

ಹಾಗಾದರೆ ಜನರನ್ನು ಒತ್ತೊತ್ತಾಗಿ ಕೂಡಿಹಾಕಿದರೆ ಸಾಕೆ? ಸಾಲದು. 1976ರಲ್ಲಿ ಕ್ಯಾಲಿಫೋರ್ನಿಯದ ಒಂದು ವಸತಿ ಸಮೂಹವನ್ನು ಕುರಿತು ಪ್ರಕಟವಾದ ಅಧ್ಯಯನದಲ್ಲಿ, ಗೆಳೆಯರಂತೆಯೇ ಬೇಡವಾದವರೂ ಹತ್ತಿರದ ಮನೆಗಳಲ್ಲಿಯೇ ಇದ್ದುದು ಕಂಡುಬಂತು. ನ್ಯೂಯಾರ್ಕ್ ರಾಜ್ಯದ ಒಂದು ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯಗಳನ್ನು ಬೌಮ್ ಮತ್ತು ವಾಲಿನ್ಸ್ ಎಂಬವರು ಪರೀಕ್ಷಿಸಿ 1977ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮೂವತ್ತಕ್ಕಿಂತ ಹೆಚ್ಚು ಮಂದಿ ಒಂದೇ ಉದ್ದನೆಯ ಓಣಿಯನ್ನೂ ಸ್ನಾನಗೃಹವನ್ನೂ ಹಂಚಿಕೊಂಡಿದ್ದ ಕಡೆ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ತಿರುಗುತ್ತಿದ್ದರು. ನಾಲ್ಕಾರು ಮಂದಿಯ ಸಣ್ಣ ಗುಂಪುಗಳಲ್ಲಿ ಕೋಣೆಗಳನ್ನು ಜೋಡಿಸಿದ್ದ ಕಡೆ ಹೊಂದಿಕೊಂಡು ಬಾಳುತ್ತಿದ್ದರು. ತಾನು ಒಪ್ಪದ ಭೇಟಿಯು ಬಳಕೆಯಲ್ಲ, ಹಿಂಸೆ. ಸೇರುವ ಅವಕಾಶದಷ್ಟೇ ಸರಿದುಹೋಗುವ ಅವಕಾಶವೂ ಬೇಕು.

ನಕ್ಷೆಯೊಂದರಿಂದಲೇ ಎಲ್ಲವೂ ಆಗುವುದಿಲ್ಲವೆಂಬುದಕ್ಕೆ ಅಮೆರಿಕದ ಸೇಂಟ್ ಲೂಯಿ ನಗರದ ಪ್ರೂಟ್ ಐಗೋ ವಸತಿಯು ನಿದರ್ಶನ. 1950ರ ದಶಕದಲ್ಲಿ ಬಡವರಿಗಾಗಿ ಕಟ್ಟಿದ ಆ 33 ಕಟ್ಟಡಗಳು ಹನ್ನೊಂದು ಅಂತಸ್ತಿನವು. ಲಿಫ್ಟು ಮೂರು ಮಹಡಿಗಳಿಗೊಮ್ಮೆ ಮಾತ್ರ ನಿಲ್ಲುತ್ತಿತ್ತು. ಅಲ್ಲಿನ ಉದ್ದನೆಯ ಮೊಗಸಾಲೆಗಳಲ್ಲಿ ನೆರೆಯವರು ಕಲೆಯುವರೆಂದು ನಿರೀಕ್ಷೆ. ಆದರೆ ದುರಸ್ತಿಗೆ ಹಣವಿಲ್ಲದೆ, ಜೀವನೋಪಾಯವಿಲ್ಲದ ಜನರ ನಡುವೆ, ಯಾರದೂ ಅಲ್ಲದ ಆ ಮೊಗಸಾಲೆಗಳು ಭಯದ ಸ್ಥಳಗಳಾದುವು. 1972ರಲ್ಲಿ ಅವುಗಳನ್ನು ಕೆಡವಲು ಆರಂಭಿಸಿದರು. ದೀಪ, ಕಸಗುಡಿಸುವಿಕೆ, ಕಾವಲು ಇವಿಲ್ಲದ ಸಮಾನ ಸ್ಥಳವು ಸಮಾನವಾದ ಕಷ್ಟವೇ ಸರಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಸಿಂಗಪುರದಲ್ಲಿದೆ. ಅಲ್ಲಿನ ಸರ್ಕಾರಿ ವಸತಿಗಳಲ್ಲಿ ಅನೇಕ ಕಟ್ಟಡಗಳ ನೆಲ ಅಂತಸ್ತನ್ನು ಕಂಬಗಳ ಮೇಲೆ ತೆರವಾಗಿ ಬಿಟ್ಟಿದ್ದಾರೆ. ಮಕ್ಕಳು ಆಡುವುದು, ಮುದುಕರು ಚದುರಂಗಕ್ಕೆ ಕೂರುವುದು, ಮದುವೆಯ ಚಪ್ಪರ, ಸಾವಿನ ಶೋಕ ಎಲ್ಲವೂ ಅಲ್ಲಿಯೇ. ಮನೆಗೆ ಹೋಗುವವರು ಅದರ ನಡುವೆಯೇ ಹಾದುಹೋಗಬೇಕು. ನಮ್ಮ ಪಟ್ಟಣಗಳಲ್ಲಿಯೂ ಕಂಬಗಳ ಮೇಲೆ ನಿಂತ, ಕೆಳಗೆ ಗೋಡೆಯಿಲ್ಲದ ಕಟ್ಟಡಗಳಿಗೆ ಕೊರತೆಯಿಲ್ಲ. ಕಂಬಗಳು ಅವೇ, ನೆರಳೂ ಅದೇ, ಗಾಳಿಯೂ ಅದೇ. ಆದರೆ ಅಲ್ಲಿ ನಿಂತಿರುವುದು ಕಾರುಗಳು.

ನಮ್ಮ ಅಭಿಪ್ರಾಯದಲ್ಲಿ ಮಾಡಬೇಕಾದುದು ದುಬಾರಿಯಾದುದೇನಲ್ಲ. ಬೆಳಕಿಲ್ಲದ ಮೂಲೆಗೆ ಮೆಟ್ಟಿಲನ್ನು ನೂಕದೆ, ಲಿಫ್ಟಿನ ಪಕ್ಕದಲ್ಲಿಯೇ ಕಿಟಕಿಯಿರುವ ಅಗಲವಾದ ಮೆಟ್ಟಿಲನ್ನು ಇಟ್ಟರೆ ಕೆಳಮಹಡಿಗಳವರು ತಾವಾಗಿಯೇ ನಡೆದು ಹೋಗುತ್ತಾರೆ. ಒಂದು ಓಣಿಗೆ ಇಪ್ಪತ್ತು ಮನೆಗಳ ಬದಲು ಐದಾರು ಮನೆಗಳನ್ನು ಮಾತ್ರ ಸೇರಿಸಿ, ಅವುಗಳ ನಡುವೆ ಬೆಳಕು ಬೀಳುವ ಸಣ್ಣದೊಂದು ಮೊಗಸಾಲೆಯನ್ನು ಬಿಡಬಹುದು. ಬೆಂಕಿಯ ಅಪಾಯದ ಸಮಯದಲ್ಲಿ ಓಡುವ ದಾರಿಗೆ ಅಡ್ಡಿಯಾಗದಂತೆ, ಲಿಫ್ಟಿಗೆ ಕಾಯುವಲ್ಲಿ ಒಂದು ಕಲ್ಲಿನ ಕಟ್ಟೆಯನ್ನು ಕಟ್ಟಬಹುದು. ಕಾರಿನಿಂದಿಳಿದವರೂ ಒಮ್ಮೆ ಅಂಗಳವನ್ನು ದಾಟಿಯೇ ಮನೆಗೆ ಹೋಗುವಂತೆ ದಾರಿಯನ್ನು ತಿರುಗಿಸಬಹುದು. ಕಂಬಗಳ ನಡುವಣ ನೆಲದಲ್ಲಿ ಎರಡು ಕಾರುಗಳ ಸ್ಥಳವನ್ನು ಬೆಂಚುಗಳಿಗೆ ಬಿಟ್ಟುಕೊಡಬಹುದು. ಇಂದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಕಟ್ಟುವ ಸಭಾಗೃಹಗಳು ಬಿಕೋ ಎನ್ನುವುದೇಕೆಂದು ಈಗ ವಾಚಕರಿಗೆ ತಿಳಿದಿರಬೇಕು: ಅವು ಯಾರ ದಾರಿಯಲ್ಲಿಯೂ ಇಲ್ಲ.

ಎಷ್ಟು ಮನೆಗಳಿಗೆ ಎಷ್ಟು ಕಾರು ನಿಲ್ಲಬೇಕೆಂಬುದನ್ನು ಕಟ್ಟಡದ ನಿಯಮಗಳು ನಿಖರವಾಗಿ ಲೆಕ್ಕಹಾಕುತ್ತವೆ. ಎಷ್ಟು ಮನೆಗಳಿಗೆ ಎಷ್ಟು ಮನುಷ್ಯರು ನೆರಳಿನಲ್ಲಿ ಕೂರಬೇಕೆಂಬ ಲೆಕ್ಕವೂ ಅವುಗಳ ಪಕ್ಕದಲ್ಲಿ ಇರಬೇಕೆಂದು ನಾವು ಬಯಸುತ್ತೇವೆ. ಮನೆ ಕೊಳ್ಳುವವರೂ ಕೋಣೆಗಳ ಅಳತೆಯನ್ನು ವಿಚಾರಿಸಿದ ಬಳಿಕ ಇನ್ನೊಂದು ಪ್ರಶ್ನೆಯನ್ನು ಕೇಳಲಿ: ಈ ಮನೆಯ ಬಾಗಿಲಿಂದ ಬೀದಿಯವರೆಗೆ ಇಬ್ಬರು ನಿಂತು ಐದು ನಿಮಿಷ ಮಾತನಾಡಬಹುದಾದ ಸ್ಥಳ ಎಲ್ಲಿದೆ? ಕೊಳ್ಳುವವರು ಕೇಳತೊಡಗಿದರೆ ಕಟ್ಟುವವರು ನಕ್ಷೆಯಲ್ಲಿ ಅದಕ್ಕೆ ಜಾಗ ಹುಡುಕದೆ ಇರಲಾರರು.